ಗೂಡಿಗೆ ಕಾವಲಿದ್ದರೆ ಸಾಕಾ? ಸೇಂಟ್ ಕ್ರಾಯ್ ಬಂಡೆ ದ್ವೀಪದ ಪೆಂಗ್ವಿನ್ ಲೆಕ್ಕ

ದಕ್ಷಿಣ ಆಫ್ರಿಕಾದ ಸೇಂಟ್ ಕ್ರಾಯ್ ದ್ವೀಪದಲ್ಲಿ ಊರಿಲ್ಲ, ರೆಸಾರ್ಟ್ ಇಲ್ಲ, ಪ್ರವಾಸಿಗರು ಇಳಿಯುವಂತೆಯೂ ಇಲ್ಲ. ದ್ವೀಪವನ್ನು ಕಾಯುವುದು ರಾಷ್ಟ್ರೀಯ ಉದ್ಯಾನಗಳ ಆಡಳಿತ. 2019ರಲ್ಲಿ ಅದರ ಸುತ್ತಲಿನ ಕಡಲನ್ನೂ ಸಾಗರ ಸಂರಕ್ಷಿತ ಪ್ರದೇಶ ಅಂತ ಘೋಷಿಸಲಾಯಿತು. ಕಾಗದದ ಮೇಲೆ ನೋಡಿದರೆ ಗೂಡು ಕಟ್ಟುವ ಹಕ್ಕಿಗೆ ಇದಕ್ಕಿಂತ ಭದ್ರವಾದ ಜಾಗ ಸಿಗೋದು ಕಷ್ಟ.

ಆದರೂ, ಒಂದು ಕಾಲಕ್ಕೆ ಜಗತ್ತಿನ ಅತಿದೊಡ್ಡ ಆಫ್ರಿಕನ್ ಪೆಂಗ್ವಿನ್ ವಸಾಹತು ಇದ್ದ ಈ ಬಂಡೆಯಲ್ಲಿ 2016ರ ನಂತರದ ಕೆಲವೇ ವರ್ಷಗಳಲ್ಲಿ ಹಕ್ಕಿಗಳ ಸಂಖ್ಯೆ ಶೇ.85ರಷ್ಟು ಕುಸಿಯಿತು. ಬೇಟೆಗಾರರು ಬಂದಿರಲಿಲ್ಲ. ಗೂಡುಗಳನ್ನು ಯಾರೂ ಮುಟ್ಟಿರಲಿಲ್ಲ. ಹಾಗಾದರೆ ಆಗಿದ್ದೇನು?

ಇದಕ್ಕೆ ಉತ್ತರ ಹುಡುಕುತ್ತಾ ಹೋದರೆ ಮೀನುಗಾರಿಕೆ, ಹಡಗಿನ ಇಂಧನದ ವ್ಯಾಪಾರ, ಸರ್ಕಾರಿ ಸಮಿತಿಗಳು, ಕೊನೆಗೆ ಕೋರ್ಟು ಎಲ್ಲವೂ ಬರುತ್ತವೆ. ‘ಇಷ್ಟು ಜಾಗವನ್ನು ಸಂರಕ್ಷಿತ ಅಂತ ಘೋಷಿಸಿದ್ದೇವೆ’ ಎಂಬ ಸರ್ಕಾರಿ ಪ್ರಕಟಣೆಗಳನ್ನು ಓದುವವರೆಲ್ಲ ಒಮ್ಮೆ ನೋಡಬೇಕಾದ ಪ್ರಕರಣ ಇದು.

ಎಲ್ಲಿದೆ, ಎಷ್ಟಿದೆ?

ದಕ್ಷಿಣ ಆಫ್ರಿಕಾದ ಈಸ್ಟರ್ನ್ ಕೇಪ್ ಪ್ರಾಂತ್ಯದಲ್ಲಿ ಅಲ್ಗೋವಾ ಕೊಲ್ಲಿ ಇದೆ. ಅದರ ದಡದ ದೊಡ್ಡ ನಗರ ಕೆಬೇಹಾ. ಇತ್ತೀಚಿನವರೆಗೆ ಪೋರ್ಟ್ ಎಲಿಜಬೆತ್ ಅಂತ ಕರೆಯುತ್ತಿದ್ದ ಊರು ಇದೇ. ದಡದಿಂದ ನಾಲ್ಕು ಕಿಲೋಮೀಟರ್ ಆಸುಪಾಸಿನಲ್ಲಿ ಎದ್ದು ನಿಂತಿರುವ ಬೋಳು ಬಂಡೆಯೇ ಸೇಂಟ್ ಕ್ರಾಯ್. ವಿಸ್ತೀರ್ಣ 12 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ ಸುಮಾರು 30 ಎಕರೆ. ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಇಂಥ ಎಂಟು ದ್ವೀಪ ಹಿಡಿಸುತ್ತವೆ. ಎದುರಿಗೇ ಎನ್‌ಕುರಾ ಎಂಬ ಆಳಸಮುದ್ರ ಬಂದರು ಇದೆ. ಅದೇ ಕೊಲ್ಲಿಯಲ್ಲಿ, ಸುಮಾರು 50 ಕಿಲೋಮೀಟರ್ ದೂರದಲ್ಲಿ, ಪೆಂಗ್ವಿನ್‌ಗಳ ಇನ್ನೊಂದು ನೆಲೆಯಾದ ಬರ್ಡ್ ಐಲೆಂಡ್ ಇದೆ.

ಪೆಂಗ್ವಿನ್ ಅಂದರೆ ಹಿಮ, ಅಂಟಾರ್ಕ್ಟಿಕಾ ಅಂತ ನಮ್ಮ ತಲೆಯಲ್ಲಿ ಕೂತಿದೆ. ಆಫ್ರಿಕನ್ ಪೆಂಗ್ವಿನ್ ಬಿಸಿಲಿನ ಹಕ್ಕಿ. ಆಫ್ರಿಕಾ ಖಂಡದಲ್ಲಿ ಸಂತಾನ ಮಾಡುವ ಏಕೈಕ ಪೆಂಗ್ವಿನ್ ಇದು. ಇದರ ನೆಲೆಗಳಿರುವುದು ದಕ್ಷಿಣ ಆಫ್ರಿಕಾ ಮತ್ತು ನಮೀಬಿಯಾದಲ್ಲಿ ಮಾತ್ರ. ಎರಡಡಿಗಿಂತ ಸ್ವಲ್ಪ ಎತ್ತರ, ಮೂರು ಕೆ.ಜಿ. ಆಸುಪಾಸಿನ ತೂಕ. ಕೂಗು ಥೇಟ್ ಕತ್ತೆಯದ್ದೇ. ಹಾಗಾಗಿ ಅಲ್ಲಿನ ಜನ ಇದನ್ನು ಕತ್ತೆ ಪೆಂಗ್ವಿನ್ ಅಂತಲೂ ಕರೆಯುತ್ತಿದ್ದರು.

20ನೇ ಶತಮಾನದ ಆರಂಭದಲ್ಲಿ ಹತ್ತು ಲಕ್ಷಕ್ಕೂ ಮೀರಿ ಇದ್ದ ಈ ಹಕ್ಕಿಗಳಲ್ಲಿ ಈಗ ಉಳಿದಿರೋದು 10,000ಕ್ಕಿಂತ ಕಡಿಮೆ ಸಂತಾನ ಜೋಡಿಗಳು. 2024ರ ಅಕ್ಟೋಬರ್‌ನಲ್ಲಿ ಐಯುಸಿಎನ್ ತನ್ನ ಕೆಂಪು ಪಟ್ಟಿಯಲ್ಲಿ ಇದನ್ನು ‘ತೀವ್ರ ಅಪಾಯದಲ್ಲಿರುವ’ ವರ್ಗಕ್ಕೆ ಸೇರಿಸಿತು. ಅದರ ಮುಂದಿನ ಮೆಟ್ಟಿಲೇ ‘ಕಾಡಿನಲ್ಲಿ ಅಳಿದುಹೋದದ್ದು’.

ಬಂಡೆಯೇ ಯಾಕೆ ಬೇಕು?

ಕಡಲಹಕ್ಕಿಗಳಿಗೆ ಊಟ ನೀರಿನಲ್ಲಿ, ಬಾಣಂತನ ನೆಲದ ಮೇಲೆ. ನೆಲದ ಮೇಲೆ ನರಿ, ಬೆಕ್ಕು, ಇಲಿ, ಚಿರತೆ ಇರುತ್ತವೆ. ನೀರು ಸುತ್ತುವರಿದ ಪುಟ್ಟ ಬಂಡೆಯಲ್ಲಿ ಇವು ಯಾವುವೂ ಇರುವುದಿಲ್ಲ. ಹಾರಲಾರದ, ನೆಲದ ಮೇಲೆ ಓಡಲೂ ಬಾರದ ಪೆಂಗ್ವಿನ್‌ಗೆ ಇದು ಸಾವು ಬದುಕಿನ ಪ್ರಶ್ನೆ.

ಒಂದು ಜೋಡಿ ಸಾಮಾನ್ಯವಾಗಿ ಎರಡು ಮೊಟ್ಟೆ ಇಡುತ್ತದೆ. ಗಂಡು ಹೆಣ್ಣು ಎರಡೂ ಪಾಳಿ ಮೇಲೆ ಸುಮಾರು 40 ದಿನ ಕಾವು ಕೊಡುತ್ತವೆ. ಮರಿ ಹೊರಬಂದ ಮೇಲೆ ಮೊದಲ ಒಂದು ತಿಂಗಳು ಒಂದು ಹಕ್ಕಿ ಗೂಡು ಬಿಡುವ ಹಾಗಿಲ್ಲ. ಇನ್ನೊಂದು ಕಡಲಿಗೆ ಹೋಗಿ ಮೀನು ತರಬೇಕು. ಮನೆಯಲ್ಲಿ ಎಳೆಮಗು ಇಟ್ಟುಕೊಂಡು ಇಬ್ಬರೂ ಶಿಫ್ಟ್ ಕೆಲಸ ಮಾಡುವ ದಂಪತಿಯ ಸ್ಥಿತಿ ಇದು. ದೂರ ಹೋದಷ್ಟೂ ವಾಪಸು ಬರೋದು ತಡ, ತಡವಾದಷ್ಟೂ ಮರಿಗೆ ಹಸಿವು. ಹಾಗಾಗಿ ಮರಿ ಸಾಕುವ ಕಾಲದಲ್ಲಿ ಪೆಂಗ್ವಿನ್‌ನ ಇಡೀ ಪ್ರಪಂಚ ಗೂಡಿನಿಂದ ಸುಮಾರು 20ರಿಂದ 40 ಕಿಲೋಮೀಟರ್ ಒಳಗೇ ಮುಗಿಯುತ್ತದೆ. ಈ ಕಿಲೋಮೀಟರ್ ಲೆಕ್ಕ ನೆನಪಿಟ್ಟುಕೊಳ್ಳಿ, ಮುಂದೆ ಕೋರ್ಟಿನವರೆಗೂ ಹೋಗುವುದು ಇದೇ.

ಇನ್ನೊಂದು ಇಕ್ಕಟ್ಟು ಗರಿ ಉದುರುವ ಕಾಲದ್ದು. ಬೇರೆ ಹಕ್ಕಿಗಳು ಒಂದೊಂದಾಗಿ ಗರಿ ಬದಲಿಸಿಕೊಂಡರೆ, ಪೆಂಗ್ವಿನ್ ವರ್ಷಕ್ಕೊಮ್ಮೆ ಎಲ್ಲವನ್ನೂ ಒಟ್ಟಿಗೆ ಬದಲಿಸುತ್ತದೆ. ಆ ಮೂರು ವಾರ ಮೈ ನೀರು ತಡೆಯುವುದಿಲ್ಲ. ಕಡಲಿಗಿಳಿಯುವ ಹಾಗಿಲ್ಲ, ಅಂದರೆ ಊಟವೂ ಇಲ್ಲ. ಅದಕ್ಕೂ ಮೊದಲೇ ತಿಂದು ಕೊಬ್ಬು ತುಂಬಿಸಿಕೊಂಡಿರಬೇಕು, ಮುಗಿದ ಮೇಲೆ ಬೇಗ ಮೀನು ಸಿಗಬೇಕು. ಎರಡರಲ್ಲಿ ಒಂದು ತಪ್ಪಿದರೂ ಹಕ್ಕಿ ಸಾಯುತ್ತದೆ. ದೇಶದ ಪಶ್ಚಿಮ ಕರಾವಳಿಯ ಡಾಸೆನ್ ಮತ್ತು ರಾಬೆನ್ ದ್ವೀಪಗಳಲ್ಲಿ 2004ರಲ್ಲಿ ಸಂತಾನ ಮಾಡುತ್ತಿದ್ದ ಹಕ್ಕಿಗಳಲ್ಲಿ ಸುಮಾರು ಶೇ.95ರಷ್ಟು ಮುಂದಿನ ಎಂಟು ವರ್ಷಗಳಲ್ಲಿ ಸತ್ತವು ಅಂತ 2025ರ ಕೊನೆಯಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿದೆ. ಅದು ಗುರುತಿಸಿದ ಮುಖ್ಯ ಕಾರಣ ಹಸಿವು. ನೆಲ್ಸನ್ ಮಂಡೇಲಾ ಸೆರೆಯಲ್ಲಿದ್ದ ರಾಬೆನ್ ದ್ವೀಪವೇ ಇದು.

ಮೊದಲ ಏಟು: ಹಿಕ್ಕೆಯ ವ್ಯಾಪಾರ

ಕಡಲಹಕ್ಕಿಗಳ ಹಿಕ್ಕೆ ಸಾವಿರಾರು ವರ್ಷ ಬಂಡೆಗಳ ಮೇಲೆ ಬಿದ್ದು, ಒಣಗಿ, ಗಟ್ಟಿ ಪದರವಾಗುತ್ತದೆ. ಇದೇ ಗ್ವಾನೋ. ಸಾರಜನಕ, ರಂಜಕ ತುಂಬಿದ ಅತ್ಯುತ್ತಮ ಗೊಬ್ಬರ. 1840ರ ದಶಕದಲ್ಲಿ ನಮೀಬಿಯಾದ ಇಚಾಬೋ ಎಂಬ ಪುಟ್ಟ ದ್ವೀಪಕ್ಕೆ ಯುರೋಪಿನ ಹಡಗುಗಳು ಮುಗಿಬಿದ್ದು, ಕೆಲವೇ ವರ್ಷಗಳಲ್ಲಿ ಹಲವು ಮೀಟರ್ ದಪ್ಪದ ಪದರವನ್ನು ಬಂಡೆ ಕಾಣುವವರೆಗೆ ಕೆರೆದು ಒಯ್ದವು. ಆಮೇಲೆ ಈ ಕರಾವಳಿಯ ಒಂದೊಂದೇ ದ್ವೀಪಕ್ಕೆ ಅದೇ ಗತಿಯಾಯಿತು.

ಪೆಂಗ್ವಿನ್‌ಗೆ ಆ ಪದರ ಬರೀ ಹಿಕ್ಕೆ ಆಗಿರಲಿಲ್ಲ. ಅದರಲ್ಲಿ ಬಿಲ ತೋಡಿ ಮೊಟ್ಟೆ ಇಡುತ್ತಿತ್ತು. ಬಿಲದೊಳಗೆ ತಂಪು, ನೆರಳು, ಮರೆ ಎಲ್ಲ ಇತ್ತು. ಪದರ ಹೋದ ಮೇಲೆ ಕಾದ ಬಂಡೆಯ ಮೇಲೆ ಬಯಲಲ್ಲೇ ಗೂಡು ಮಾಡಬೇಕಾಯಿತು. ಬಿಸಿಲು ತಡೆಯಲಾರದೆ ತಾಯಿಯೋ ತಂದೆಯೋ ನೀರಿಗಿಳಿದು ಬರುವಷ್ಟರಲ್ಲಿ ಗಲ್ ಹಕ್ಕಿ ಮೊಟ್ಟೆ ಎತ್ತಿಕೊಂಡು ಹೋಗುತ್ತದೆ. ಜೊತೆಗೆ ಮನುಷ್ಯರೂ ವರ್ಷಕ್ಕೆ ಲಕ್ಷಗಟ್ಟಲೆ ಮೊಟ್ಟೆ ಆರಿಸಿ ಮಾರುತ್ತಿದ್ದರು. 1960ರ ದಶಕದ ಕೊನೆವರೆಗೂ ಅದು ನಡೆಯಿತು.

ಈ ಹಾನಿಗೆ ಸಂರಕ್ಷಕರು ಹುಡುಕಿದ ಪರಿಹಾರ ಕೃತಕ ಗೂಡು. ಮೊದಲು ಮರದ ಪೆಟ್ಟಿಗೆ, ಫೈಬರ್‌ಗ್ಲಾಸ್ ಗೂಡುಗಳನ್ನು ಇಟ್ಟು ನೋಡಿದರು. ಫೈಬರ್‌ಗ್ಲಾಸ್ ಗೂಡು ಬಿಸಿಲಿಗೆ ಕಾದು ಒಲೆಯಾಗುತ್ತಿತ್ತು. ಈಗ ಕೆಲವು ವಸಾಹತುಗಳಲ್ಲಿ ಸೆರಾಮಿಕ್ ಗೂಡು ಇಡುತ್ತಿದ್ದಾರೆ. ಜಿಯೋಟೆಕ್ಸ್‌ಟೈಲ್ ಬಟ್ಟೆಯನ್ನು ಸೆರಾಮಿಕ್ ಗಾರೆಯಲ್ಲಿ ಅದ್ದಿ ಮಾಡಿದ ಎರಡು ಪದರದ ಗುಡಿಸಲು ಅದು. ಪದರಗಳ ನಡುವೆ ಗಾಳಿಗೆ ಜಾಗ, ಮೇಲೆ ಬಿಸಿಲು ಹಿಂದಕ್ಕೆ ಹೊಡೆಯುವ ಬಿಳಿ ಬಣ್ಣ. ಎಂಜಿನಿಯರಿಂಗ್ ಓದಿದವರಿಗೆ ಖುಷಿ ಕೊಡುವ ಸರಳ ವಿನ್ಯಾಸ.

ಇಂಥ ಕೆಲಸಕ್ಕೆ ದಾನಿಗಳು ಸಿಗುತ್ತಾರೆ, ಫೋಟೋ ಚೆನ್ನಾಗಿ ಬರುತ್ತದೆ, ಯಾರ ಲಾಭಕ್ಕೂ ಕೈ ಹಾಕಿದಂತೆ ಆಗುವುದಿಲ್ಲ. ಸರ್ಕಾರಕ್ಕೂ ಕಂಪನಿಗಳಿಗೂ ಸಮ್ಮತ. ಕಷ್ಟ ಶುರುವಾಗೋದು ಗೂಡಿನಿಂದ ಹೊರಗೆ ಬಂದಾಗ.

ಎರಡನೇ ಏಟು: ತಟ್ಟೆಯಲ್ಲಿ ಮೀನಿಲ್ಲ

ಪೆಂಗ್ವಿನ್ ತಿನ್ನುವುದು ಮುಖ್ಯವಾಗಿ ಎರಡು ಮೀನು: ಸಾರ್ಡೀನ್ ಮತ್ತು ಆಂಚೋವಿ. ಸಾರ್ಡೀನ್ ಅಂದರೆ ನಮ್ಮ ಕರಾವಳಿಯ ಬೂತಾಯಿಯ ಹತ್ತಿರದ ಸಂಬಂಧಿ. ಅಲ್ಲಿಯೂ ಇವನ್ನು ಹಿಡಿಯೋದು ನಮ್ಮ ಮಲ್ಪೆ, ಮಂಗಳೂರಿನಲ್ಲಿ ಕಾಣುವಂಥದ್ದೇ ಪರ್ಸೀನ್ ಬಲೆಯಲ್ಲಿ. ಮೀನಿನ ಹಿಂಡನ್ನು ಸುತ್ತುವರಿದು, ಚೀಲದ ಬಾಯಿ ಎಳೆದ ಹಾಗೆ ಕೆಳಗಿಂದ ಬಿಗಿದು ಪೂರ್ತಿ ಎತ್ತುವ ಬಲೆ ಅದು. ನಮ್ಮಲ್ಲಿ ಬೂತಾಯಿಯ ಒಂದು ಪಾಲು ಫಿಶ್‌ಮೀಲ್ ಮತ್ತು ಮೀನೆಣ್ಣೆ ಕಾರ್ಖಾನೆಗೆ ಹೋಗುವ ಹಾಗೆ, ಅಲ್ಲಿ ಆಂಚೋವಿ ಬಹುತೇಕ ಹೋಗೋದು ಅದೇ ಕಾರ್ಖಾನೆಗಳಿಗೆ.

1990ರ ದಶಕದ ಕೊನೆಯಿಂದ ಈ ಮೀನುಗಳ ಹಿಂಡು ಪಶ್ಚಿಮ ಕರಾವಳಿಯಿಂದ ಪೂರ್ವದ ಕಡೆಗೆ ಸರಿದವು. ಮೀನು ಸರಿಯಬಹುದು, ದೋಣಿಯೂ ಹಿಂದೆ ಹೋಗಬಹುದು. ದ್ವೀಪ ಸರಿಯುವುದಿಲ್ಲ. ಒಮ್ಮೆ ಗೂಡು ಮಾಡಿದ ಪೆಂಗ್ವಿನ್ ಸಾಮಾನ್ಯವಾಗಿ ಅದೇ ಜಾಗಕ್ಕೆ ಮರಳುತ್ತದೆ. ಪಶ್ಚಿಮದ ವಸಾಹತುಗಳು ಕುಸಿದಾಗ ಪೂರ್ವದ ಸೇಂಟ್ ಕ್ರಾಯ್‌ನ ಮಹತ್ವ ಇನ್ನಷ್ಟು ಹೆಚ್ಚಿತು.

ದ್ವೀಪದ ಸುತ್ತ ಮೀನುಗಾರಿಕೆ ನಿಲ್ಲಿಸಿದರೆ ಹಕ್ಕಿಗೆ ಪ್ರಯೋಜನ ಆಗುತ್ತಾ? ಇದನ್ನು ವಾದ ಮಾಡುವ ಬದಲು ಪರೀಕ್ಷಿಸಿ ನೋಡಿದರು. 2008ರಲ್ಲಿ ಶುರುವಾದ ಪ್ರಯೋಗದ ಭಾಗವಾಗಿ, 2009ರ ಜನವರಿಯಲ್ಲಿ ಸೇಂಟ್ ಕ್ರಾಯ್ ಸುತ್ತ 20 ಕಿಲೋಮೀಟರ್ ವ್ಯಾಪ್ತಿಯಲ್ಲಿ ಪರ್ಸೀನ್ ದೋಣಿಗಳನ್ನು ನಿಷೇಧಿಸಿದರು. ಬರ್ಡ್ ಐಲೆಂಡ್ ಸುತ್ತ ಮೀನುಗಾರಿಕೆ ಎಂದಿನಂತೆ ನಡೆಯಿತು. ಹಕ್ಕಿಗಳ ಬೆನ್ನಿಗೆ ಪುಟ್ಟ ದಾಖಲಾತಿ ಸಾಧನ ಅಂಟಿಸಿ ಅವು ಎಷ್ಟು ದೂರ, ಎಷ್ಟು ಹೊತ್ತು ಹೋಗುತ್ತವೆ ಅಂತ ಅಳೆದರು. ಮೂರೇ ತಿಂಗಳಲ್ಲಿ ಸೇಂಟ್ ಕ್ರಾಯ್ ಹಕ್ಕಿಗಳು ಊಟಕ್ಕಾಗಿ ಪಡುವ ಶ್ರಮ ಶೇ.30ರಷ್ಟು ಇಳಿದಿತ್ತು. ಬರ್ಡ್ ಐಲೆಂಡ್ ಹಕ್ಕಿಗಳ ಶ್ರಮ ಏರಿತ್ತು. ಫಲಿತಾಂಶ 2010ರಲ್ಲಿ ಪ್ರಕಟವಾಯಿತು.

ಅಲ್ಲಿಗೆ ಮುಗಿಯಬೇಕಿತ್ತು ಅಂತ ಅನ್ನಿಸುತ್ತೆ ಅಲ್ವಾ? ದಶಕಕ್ಕೂ ಹೆಚ್ಚು ಕಾಲ ‘ಮೂರು ವರ್ಷ ಮುಚ್ಚು, ಮೂರು ವರ್ಷ ತೆರೆ’ ಎಂಬ ಮಾದರಿಯಲ್ಲಿ ಪ್ರಯೋಗ ಬೇರೆ ದ್ವೀಪಗಳಲ್ಲೂ ಮುಂದುವರಿಯಿತು. ಅಂಕಿಅಂಶದ ವಿಧಾನದ ಬಗ್ಗೆ ಜಗಳವೂ ಜೊತೆಗೇ ಬೆಳೆಯಿತು. ಹಕ್ಕಿಗಳು ಕಡಿಮೆಯಾಗುತ್ತಾ ಹೋದವು.

ಮೂರನೇ ಏಟು: ಕೊಲ್ಲಿಯಲ್ಲೊಂದು ಪೆಟ್ರೋಲ್ ಬಂಕ್

2016ರಲ್ಲಿ ಅಲ್ಗೋವಾ ಕೊಲ್ಲಿಯಲ್ಲಿ ಹಡಗಿನಿಂದ ಹಡಗಿಗೆ ಇಂಧನ ತುಂಬಿಸುವ ವ್ಯವಹಾರಕ್ಕೆ ಅನುಮತಿ ಸಿಕ್ಕಿತು. ಇದಕ್ಕೆ ಬಂಕರಿಂಗ್ ಅಂತಾರೆ. ಆಫ್ರಿಕಾದ ತುದಿ ಸುತ್ತಿ ಹೋಗುವ ದೊಡ್ಡ ಹಡಗುಗಳು ಬಂದರಿಗೆ ಬಂದು ಶುಲ್ಕ ಕಟ್ಟುವ ಬದಲು ಕೊಲ್ಲಿಯಲ್ಲೇ ಲಂಗರು ಹಾಕಿ, ಪಕ್ಕಕ್ಕೆ ಬರುವ ಇಂಧನದ ಹಡಗಿನಿಂದ ಟ್ಯಾಂಕ್ ತುಂಬಿಸಿಕೊಂಡು ಹೊರಡುತ್ತವೆ. ಹೆದ್ದಾರಿ ಬದಿಯ ಪೆಟ್ರೋಲ್ ಬಂಕ್‌ನ ಸಮುದ್ರ ರೂಪ. ಸರ್ಕಾರಕ್ಕೆ ಆದಾಯ, ಊರಿಗೆ ಒಂದಷ್ಟು ಉದ್ಯೋಗ ಎಂಬುದು ಇದರ ಪರವಾದ ವಾದ.

ಅಪಾಯ ಎರಡು ರೀತಿಯದು. ಒಂದು, ಸೋರಿಕೆ. ಪೈಪು ಜೋಡಿಸುವಾಗ, ಟ್ಯಾಂಕ್ ತುಂಬುವಾಗ ಎಣ್ಣೆ ಚೆಲ್ಲುತ್ತದೆ. 2019ರ ಜುಲೈ, 2022ರ ಮೇ ಸೇರಿದಂತೆ ಕೆಲವು ಬಾರಿ ಹಾಗೆ ಆಗಿದೆ. ಪೆಂಗ್ವಿನ್ ಗರಿಗಳು ಒಂದಕ್ಕೊಂದು ಹೆಣೆದುಕೊಂಡು ರೇನ್‌ಕೋಟಿನ ಹಾಗೆ ಕೆಲಸ ಮಾಡುತ್ತವೆ. ಎಣ್ಣೆ ತಾಗಿದರೆ ಆ ಹೆಣಿಗೆ ಬಿಚ್ಚಿ, ತಣ್ಣೀರು ನೇರ ಚರ್ಮಕ್ಕೆ ತಗಲುತ್ತದೆ. ಕೊಕ್ಕಿನಿಂದ ಒರೆಸಿಕೊಳ್ಳಲು ಹೋದರೆ ಎಣ್ಣೆ ಹೊಟ್ಟೆಗೆ ಹೋಗುತ್ತದೆ.

ಇನ್ನೊಂದು ಅಪಾಯ ಕಣ್ಣಿಗೆ ಕಾಣದ್ದು. ಅದು ಶಬ್ದ. ನೆಲ್ಸನ್ ಮಂಡೇಲಾ ವಿಶ್ವವಿದ್ಯಾಲಯದ ಲೊರಿಯೆನ್ ಪಿಶೆಗ್ರು ಮತ್ತು ಸಹೋದ್ಯೋಗಿಗಳು ಹಡಗು ಸಂಚಾರದ ದತ್ತಾಂಶದಿಂದ ಕೊಲ್ಲಿಯ ನೀರಿನೊಳಗಿನ ಶಬ್ದವನ್ನು ಲೆಕ್ಕಹಾಕಿ 2022ರಲ್ಲಿ ಪ್ರಕಟಿಸಿದರು. ಬಂಕರಿಂಗ್ ಶುರುವಾದ ಮೇಲೆ ಶಬ್ದ ದುಪ್ಪಟ್ಟಾಗಿತ್ತು. ಲೇಖನದ ಮೊದಲಲ್ಲಿ ಹೇಳಿದ ಶೇ.85ರ ಕುಸಿತ ಇದೇ ಅವಧಿಯದು. ಎರಡು ಸಂಗತಿ ಒಟ್ಟಿಗೆ ಆದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಅಂತ ಸಾಬೀತಾಗುವುದಿಲ್ಲ. ಮೀನಿನ ಕೊರತೆಯೂ ಜೊತೆಗೇ ಇತ್ತು. ಆದರೆ ಈ ವ್ಯವಹಾರಕ್ಕೆ ಅನುಮತಿ ಕೊಡುವಾಗ ಎದುರಿಗಿದ್ದದ್ದು ಜಗತ್ತಿನ ಅತಿದೊಡ್ಡ ಆಫ್ರಿಕನ್ ಪೆಂಗ್ವಿನ್ ವಸಾಹತು ಅನ್ನುವುದು ಎಲ್ಲರಿಗೂ ಗೊತ್ತಿತ್ತು.

ಇದರ ಹಿಂದೆ ಒಂದು ಹಳೆಯ ವ್ಯಂಗ್ಯವೂ ಇದೆ. 2000ದ ಜೂನ್‌ನಲ್ಲಿ ಟ್ರೆಷರ್ ಎಂಬ ಹಡಗು ಕೇಪ್‌ಟೌನ್ ಬಳಿ ಮುಳುಗಿ ಎಣ್ಣೆ ಹರಡಿದಾಗ, ಎಣ್ಣೆ ತಾಗಿದ ಸುಮಾರು 19,000 ಪೆಂಗ್ವಿನ್‌ಗಳನ್ನು ಸ್ವಯಂಸೇವಕರು ಹಿಡಿದು ತೊಳೆದರು. ಇನ್ನೂ ಎಣ್ಣೆ ತಾಗದ 19,500ರಷ್ಟು ಹಕ್ಕಿಗಳನ್ನು ಲಾರಿಯಲ್ಲಿ ತುಂಬಿ ಪೋರ್ಟ್ ಎಲಿಜಬೆತ್‌ಗೆ ತಂದು ಕಡಲಿಗೆ ಬಿಟ್ಟರು. ಅವು ನೂರಾರು ಕಿಲೋಮೀಟರ್ ಈಜಿ ಮನೆ ತಲುಪುವಷ್ಟರಲ್ಲಿ ನೀರು ಶುಚಿಯಾಗಲಿ ಅನ್ನೋದು ಲೆಕ್ಕಾಚಾರ. ಅದು ಫಲಿಸಿತು. ಅಂದರೆ 2000ದಲ್ಲಿ ಎಣ್ಣೆಯಿಂದ ಪಾರು ಮಾಡಲು ಪೆಂಗ್ವಿನ್‌ಗಳನ್ನು ತಂದು ಬಿಟ್ಟದ್ದು ಈ ಕರಾವಳಿಗೇ. ಹದಿನಾರು ವರ್ಷಗಳ ನಂತರ ಹಡಗುಗಳಿಗೆ ಎಣ್ಣೆ ತುಂಬಿಸಲು ಆರಿಸಿಕೊಂಡದ್ದೂ ಇದನ್ನೇ.

2023ರಲ್ಲಿ ಈ ವ್ಯವಹಾರಕ್ಕೆ ದೊಡ್ಡ ತಡೆ ಬಿತ್ತು. ಅದೂ ಪರಿಸರ ಇಲಾಖೆಯಿಂದಲ್ಲ. ಸುಂಕ ಪಾವತಿಯ ತಕರಾರಿನಲ್ಲಿ ದೇಶದ ಕಂದಾಯ ಇಲಾಖೆ ಬಂಕರಿಂಗ್ ಹಡಗುಗಳನ್ನು ತಡೆಹಿಡಿಯಿತು.

ಸಮಿತಿ, ಇನ್ನೊಂದು ಸಮಿತಿ, ಕೋರ್ಟು

2022ರ ಕೊನೆಯಲ್ಲಿ ಆಗಿನ ಪರಿಸರ ಸಚಿವೆ ಬಾರ್ಬರಾ ಕ್ರೀಸಿ ಅಂತಾರಾಷ್ಟ್ರೀಯ ತಜ್ಞರ ಸಮಿತಿ ನೇಮಿಸಿದರು. ಮೀನುಗಾರಿಕೆ ನಿಷೇಧದಿಂದ ಪೆಂಗ್ವಿನ್‌ಗೆ ಪ್ರಯೋಜನ ಇದೆ, ಅದು ದೊಡ್ಡದಲ್ಲದಿದ್ದರೂ ಇದೆ ಅಂತ 2023ರಲ್ಲಿ ಸಮಿತಿ ಹೇಳಿತು. ಹಕ್ಕಿಗಳು ನಿಜಕ್ಕೂ ಊಟ ಹುಡುಕುವ ಜಾಗವನ್ನು ನಕ್ಷೆ ಮಾಡಿ ಆ ಪ್ರಕಾರ ಗಡಿ ಎಳೆಯಬೇಕು ಅನ್ನೋದು ಅದರ ಸಲಹೆಯ ಸಾರ.

ಸರ್ಕಾರ 2023ರ ಆಗಸ್ಟ್‌ನಲ್ಲಿ ಹತ್ತು ವರ್ಷದ ನಿಷೇಧ ವಲಯಗಳನ್ನು ಪ್ರಕಟಿಸಿತು. ಕೇಳಲು ಚೆನ್ನಾಗಿದೆ. ಆದರೆ ಗಡಿ ಮಾತ್ರ ಹಳೆಯ ತಾತ್ಕಾಲಿಕ ರಾಜಿಯದ್ದೇ. ಹಕ್ಕಿ ಬೇಟೆಯಾಡುವ ಮುಖ್ಯ ಜಾಗಗಳು ಹಲವೆಡೆ ವಲಯದಿಂದ ಹೊರಗೇ ಉಳಿದಿದ್ದವು. ನಕ್ಷೆಯ ಮೇಲೆ ವಲಯ ಇತ್ತು, ವಲಯದೊಳಗೆ ಊಟ ಇರಲಿಲ್ಲ.

2024ರ ಮಾರ್ಚ್‌ನಲ್ಲಿ ಬರ್ಡ್‌ಲೈಫ್ ಸೌತ್ ಆಫ್ರಿಕಾ ಮತ್ತು ಸ್ಯಾನ್‌ಕಾಬ್ ಎಂಬ ಎರಡು ಸಂಸ್ಥೆಗಳು ಪ್ರಿಟೋರಿಯಾ ಹೈಕೋರ್ಟಿಗೆ ಹೋದವು. ಇಲ್ಲಿ ಅವರಿಗಿದ್ದ ಒಂದು ಬಲವನ್ನು ಗಮನಿಸಬೇಕು. ದಕ್ಷಿಣ ಆಫ್ರಿಕಾದ ಸಂವಿಧಾನದ 24ನೇ ಸೆಕ್ಷನ್, ಈಗಿನ ಮತ್ತು ಮುಂದಿನ ಪೀಳಿಗೆಗಾಗಿ ಪರಿಸರವನ್ನು ಕಾಪಾಡಿಸಿಕೊಳ್ಳುವುದನ್ನು ಮೂಲಭೂತ ಹಕ್ಕುಗಳ ಪಟ್ಟಿಯಲ್ಲೇ ಇಟ್ಟಿದೆ. ನಮ್ಮಲ್ಲಿ ಪರಿಸರ ರಕ್ಷಣೆಯ 48-ಎ ವಿಧಿ ಇರೋದು ರಾಜ್ಯನೀತಿಯ ನಿರ್ದೇಶಕ ತತ್ವಗಳಲ್ಲಿ. ನೇರವಾಗಿ ಅದನ್ನೇ ಹಿಡಿದು ಕೋರ್ಟಿಗೆ ಹೋಗಲು ಆಗುವುದಿಲ್ಲ, 21ನೇ ವಿಧಿಯ ಬದುಕುವ ಹಕ್ಕಿನ ದಾರಿಯಲ್ಲಿ ಸುತ್ತಿ ಬರಬೇಕು.

ವಿಚಾರಣೆಗೆ ಕೆಲವೇ ದಿನ ಇದ್ದಾಗ, 2025ರ ಮಾರ್ಚ್ 18ರಂದು, ಸಂಸ್ಥೆಗಳು, ಮೀನುಗಾರಿಕೆ ಉದ್ಯಮ ಮತ್ತು ಸರ್ಕಾರದ ನಡುವಿನ ಒಪ್ಪಂದವನ್ನು ಕೋರ್ಟು ತನ್ನ ಆದೇಶವಾಗಿಸಿತು. ಅದರ ಪ್ರಕಾರ ಆರು ಮುಖ್ಯ ವಸಾಹತುಗಳ ಸುತ್ತ ಹತ್ತು ವರ್ಷ ಸಾರ್ಡೀನ್, ಆಂಚೋವಿ ಮೀನುಗಾರಿಕೆಗೆ ನಿಷೇಧ ವಲಯಗಳಿರುತ್ತವೆ. ಆ ಆರರಲ್ಲಿ ಸೇಂಟ್ ಕ್ರಾಯ್ ಕೂಡ ಒಂದು. ಪ್ರಯೋಗದ ಫಲ ಪ್ರಕಟವಾಗಿ ಹದಿನೈದು ವರ್ಷ ಆಗಿತ್ತು.

‘ಬರೀ ಒಂದು ಪರ್ಸೆಂಟ್’ ವಾದ

ಮೀನುಗಾರಿಕೆ ಉದ್ಯಮದ ವಾದವನ್ನು ತಳ್ಳಿಹಾಕುವುದು ಸುಲಭ, ಆದರೆ ಕೇಳಿಸಿಕೊಳ್ಳಬೇಕು. ನಿಷೇಧದಿಂದ ಪೆಂಗ್ವಿನ್ ಬೆಳವಣಿಗೆ ದರದಲ್ಲಿ ಸಿಗುವ ಲಾಭ ವರ್ಷಕ್ಕೆ ಶೇ.1ರ ಆಸುಪಾಸು ಮಾತ್ರ. ಅದಕ್ಕಾಗಿ ದೋಣಿ ಮತ್ತು ಕಾರ್ಖಾನೆ ಕಾರ್ಮಿಕರ ಹೊಟ್ಟೆ ಮೇಲೆ ಹೊಡೆಯಬೇಕಾ ಅಂತ ಅವರು ಕೇಳುತ್ತಾರೆ. ನಿರುದ್ಯೋಗ ವಿಪರೀತ ಇರುವ ದೇಶದಲ್ಲಿ ಇದು ಹಗುರವಾದ ಪ್ರಶ್ನೆಯಲ್ಲ.

ಲೆಕ್ಕ ಮಾಡಿ ನೋಡೋಣ. ಪೆಂಗ್ವಿನ್ ಸಂಖ್ಯೆ ವರ್ಷಕ್ಕೆ ಸುಮಾರು ಶೇ.8ರಂತೆ ಇಳಿಯುತ್ತಿದೆ ಅಂತ ಸಂರಕ್ಷಣಾ ಸಂಸ್ಥೆಗಳು ಹೇಳುತ್ತವೆ. 10,000 ಜೋಡಿ ಹೀಗೇ ಇಳಿದರೆ ಹತ್ತು ವರ್ಷಕ್ಕೆ ಉಳಿಯೋದು ಸುಮಾರು 4,300. ಇಳಿಕೆ ಶೇ.7ಕ್ಕೆ ಬಂದರೆ ಸುಮಾರು 4,800. ವ್ಯತ್ಯಾಸ 500 ಜೋಡಿ. ಹೌದು, ಇದೊಂದರಿಂದಲೇ ಪೆಂಗ್ವಿನ್ ಉಳಿಯುವುದಿಲ್ಲ.

ಆದರೆ ಇಳಿಕೆಯ ಆ ಎಂಟು ಪರ್ಸೆಂಟ್ ಆಗಿರುವುದೇ ಇಂಥ ಸಣ್ಣ ಸಣ್ಣ ಪಾಲು ಸೇರಿ. ಮೀನು, ಶಬ್ದ, ಎಣ್ಣೆ, ಬಿಸಿಲು, ಗಲ್ ಹಕ್ಕಿ, ಕಾಯಿಲೆ. ‘ನನ್ನಿಂದಾಗುವ ನಷ್ಟ ಒಂದೇ ಪರ್ಸೆಂಟ್’ ಅಂತ ಪ್ರತಿಯೊಬ್ಬರೂ ಹೇಳಿ ತಪ್ಪಿಸಿಕೊಂಡರೆ ಎಂಟೂ ಹಾಗೇ ಉಳಿಯುತ್ತದೆ. ಸಾಗರದ ತಾಪಮಾನವನ್ನು ಒಂದು ದೇಶದ ಸಚಿವರು ಇಳಿಸಲಾರರು. ಸೇಂಟ್ ಕ್ರಾಯ್ ಸುತ್ತ ದೋಣಿ ಎಲ್ಲಿ ಬಲೆ ಬೀಸಬೇಕು, ಹಡಗು ಎಲ್ಲಿ ಎಣ್ಣೆ ತುಂಬಿಸಿಕೊಳ್ಳಬೇಕು ಅನ್ನೋದನ್ನು ಒಂದು ಆದೇಶದಿಂದ ನಿರ್ಧರಿಸಬಹುದು.

ಇನ್ನೊಂದು ಮಾತು. 2035ರ ಹೊತ್ತಿಗೆ ಆಫ್ರಿಕನ್ ಪೆಂಗ್ವಿನ್ ಕಾಡಿನಲ್ಲಿ ಅಳಿಯಬಹುದು ಎಂಬ ಎಚ್ಚರಿಕೆಯನ್ನು ನೀವು ಓದಿರಬಹುದು. ಮೇಲಿನ ಲೆಕ್ಕದಲ್ಲಿ ಅರ್ಧದ ಹತ್ತಿರ ಉಳಿಯುತ್ತಲ್ಲಾ ಅಂತ ಕೇಳಿದರೆ, ಲೆಕ್ಕದ ಮಟ್ಟಿಗೆ ಅದು ಸರಿ. ಆದರೆ ಪೆಂಗ್ವಿನ್‌ಗಳು ಗುಂಪಾಗಿ ಮೀನಿನ ಹಿಂಡನ್ನು ಅಟ್ಟಿ ಬೇಟೆಯಾಡುತ್ತವೆ. ವಸಾಹತು ಸಣ್ಣದಾದಷ್ಟೂ ಬೇಟೆ ಕಷ್ಟ, ಗಲ್‌ಗಳಿಂದ ಮೊಟ್ಟೆ ಕಾಯೋದೂ ಕಷ್ಟ. ಒಂದು ಹಂತ ದಾಟಿದ ಮೇಲೆ ಇಳಿಕೆ ಶೇ.8ರಲ್ಲಿ ನಿಲ್ಲುವುದಿಲ್ಲ. ಕೊನೆಯ ಹಕ್ಕಿ ಸಾಯುವ ಮೊದಲೇ ವಸಾಹತು ಸತ್ತಿರುತ್ತದೆ.

ಇನ್ನು ಏನನ್ನು ನೋಡಬೇಕು?

ಕೋರ್ಟಿನ ಆದೇಶ ಮೀನುಗಾರಿಕೆಗೆ ಸಂಬಂಧಿಸಿದ್ದು. ಬಂಕರಿಂಗ್ ಪ್ರಶ್ನೆ ಅದರಲ್ಲಿ ಇತ್ಯರ್ಥವಾಗಿಲ್ಲ. ಕೊಲ್ಲಿಯ ಇಂಧನ ವ್ಯಾಪಾರಕ್ಕೆ ಮುಂದೆ ಯಾವ ಷರತ್ತಿನ ಮೇಲೆ ಅನುಮತಿ ಕೊಡುತ್ತಾರೆ, ನಿಷೇಧ ವಲಯದೊಳಗೆ ದೋಣಿ ಬಂದರೆ ನಿಜಕ್ಕೂ ದಂಡ ಬೀಳುತ್ತಾ, ಪ್ರತಿ ವರ್ಷದ ಗೂಡು ಎಣಿಕೆಯನ್ನು ಸಾರ್ವಜನಿಕರ ಮುಂದೆ ಇಡುತ್ತಾರಾ ಅನ್ನೋದರ ಮೇಲೆ ಸೇಂಟ್ ಕ್ರಾಯ್‌ನ ಭವಿಷ್ಯ ನಿಂತಿದೆ.

ಎಲ್ಲೇ ಆಗಲಿ, ಹೊಸ ಪಕ್ಷಿಧಾಮ ಅಥವಾ ಸಂರಕ್ಷಿತ ವಲಯದ ಘೋಷಣೆ ಬಂದಾಗ ಎಷ್ಟು ಎಕರೆ ಅಂತ ಕೇಳಿ ಸುಮ್ಮನಾಗುವ ಅಭ್ಯಾಸ ನಮ್ಮದು. ಜೊತೆಗೆ ಇನ್ನು ಮೂರು ಪ್ರಶ್ನೆ ಕೇಳಬೇಕು. ಆ ಜೀವಿ ಊಟ ಮಾಡುವ ಜಾಗ ಗಡಿಯ ಒಳಗಿದೆಯಾ, ಹೊರಗಾ? ಗಡಿಯಾಚೆ ಯಾವ ವ್ಯವಹಾರಕ್ಕೆ ಅನುಮತಿ ಇದೆ? ಗಡಿ ಎಳೆಯುವಾಗ ಮೇಜಿನ ಮೇಲಿದ್ದದ್ದು ಹಕ್ಕಿ ಹೋಗುವ ದಾರಿಯ ನಕ್ಷೆಯಾ, ಉದ್ಯಮದ ಜೊತೆಗಿನ ರಾಜಿ ಪತ್ರವಾ? ಸೇಂಟ್ ಕ್ರಾಯ್ ವಿಷಯದಲ್ಲಿ ಈ ಪ್ರಶ್ನೆಗಳನ್ನು ಕೋರ್ಟಿಗೆ ಹೋಗಿ ಕೇಳಬೇಕಾಯಿತು, ಅಷ್ಟರಲ್ಲಿ ಬಂಡೆಯ ಬಹುಪಾಲು ಖಾಲಿಯಾಗಿತ್ತು.